ತಿಳಿಯದೆ ಜಾರುವ ಮಲ: ಚರ್ಮ ಬಿಗಿಯುವ ಕಾಯಿಲೆಯವರು ವೈದ್ಯರಿಗೆ ಹೇಳದೆ ಉಳಿಸಿಕೊಳ್ಳುವ ತೊಂದರೆ

ಚಾಮರಾಜನಗರ ಜಿಲ್ಲೆಯ ಭೀಮನಬೀಡಿನವರು ಮೈಸೂರಿನ ದೊಡ್ಡಾಸ್ಪತ್ರೆಗೆ ಹೋಗಬೇಕೆಂದರೆ ಗುಂಡ್ಲುಪೇಟೆಗೆ ಬಂದು ಬಸ್ ಹಿಡಿಯಬೇಕು. ಅಲ್ಲಿಂದ ಬೇಗೂರು, ನಂಜನಗೂಡು ದಾಟಿ ಸುಮಾರು 60 ಕಿಲೋಮೀಟರ್ ದಾರಿ. ಬಸ್ಸು ನಡುವೆ ನಿಂತರೂ ಇಳಿದು ಕಕ್ಕಸು ಹುಡುಕಿ, ಮುಗಿಸಿ, ಮತ್ತೆ ಅದೇ ಬಸ್ಸು ಹತ್ತುವಷ್ಟು ಹೊತ್ತು ಯಾರೂ ಕಾಯುವುದಿಲ್ಲ. ಈ ಒಂದೂವರೆ ಗಂಟೆಯನ್ನು ನೆನೆದೇ ಆಸ್ಪತ್ರೆಯ ತಾರೀಖು ತಪ್ಪಿಸುವ ರೋಗಿಗಳಿದ್ದಾರೆ. ಮನೆಯವರು ಕೇಳಿದರೆ ‘ಮೈಗೆ ಸುಸ್ತು’ ಅನ್ನುತ್ತಾರೆ. ಸುಸ್ತೂ ನಿಜವೇ. ಹೇಳದೆ ಬಿಟ್ಟದ್ದು ಬೇರೆ: ಮಲದ ಮೇಲಿನ ಹಿಡಿತ ತಪ್ಪಿದೆ, ಒಳಬಟ್ಟೆ ಯಾವಾಗ ಕಲೆಯಾಗುತ್ತದೋ ತಿಳಿಯದು.

ಸ್ಕ್ಲೆರೋಡರ್ಮ, ಲೂಪಸ್, ಮಿಶ್ರ ಸಂಯೋಜಕ ಅಂಗಾಂಶ ರೋಗ ಮುಂತಾದವು ಇರುವವರಲ್ಲಿ ಈ ತೊಂದರೆ ಅಪರೂಪವೇನಲ್ಲ. ಸಂಯೋಜಕ ಅಂಗಾಂಶ ಅಂದರೆ ಚರ್ಮ, ಕೀಲು, ರಕ್ತನಾಳ, ಕರುಳಿನ ಗೋಡೆ ಎಲ್ಲವನ್ನೂ ಒಂದಕ್ಕೊಂದು ಕಟ್ಟಿ ನಿಲ್ಲಿಸುವ ನಾರಿನ ಭಾಗ. ಅದು ಮೈತುಂಬ ಇರುವುದರಿಂದ ಅದರ ಕಾಯಿಲೆಯೂ ಒಂದೇ ಅಂಗದಲ್ಲಿ ನಿಲ್ಲುವುದಿಲ್ಲ. ಈ ಗುಂಪಿನಲ್ಲಿ ಗುದದ ಹಿಡಿತವನ್ನು ಎಲ್ಲಕ್ಕಿಂತ ಹೆಚ್ಚಾಗಿ ಕೆಡಿಸುವುದು ಸ್ಕ್ಲೆರೋಡರ್ಮ, ಅಂದರೆ ಚರ್ಮ ಗಟ್ಟಿಯಾಗಿ ಬಿಗಿದುಕೊಳ್ಳುವ ಕಾಯಿಲೆ. ಆದ್ದರಿಂದ ಇಲ್ಲಿ ಅದರ ಮಾತೇ ಹೆಚ್ಚು.

ಬೆರಳಿನಿಂದ ಕರುಳಿನವರೆಗೆ

ಕಾಯಿಲೆ ಮೊದಲು ಕಾಣುವುದು ಸಾಮಾನ್ಯವಾಗಿ ಬೆರಳಿನಲ್ಲಿ. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಮಂಜಿನಲ್ಲೋ ಮಾಗಿಯ ಬೆಳಗಿನ ತಣ್ಣೀರಿನಲ್ಲೋ ಬೆರಳು ಸುಣ್ಣದಂತೆ ಬೆಳ್ಳಗಾಗಿ, ಆಮೇಲೆ ನೀಲಿಯಾಗಿ, ಬೆಚ್ಚಗಾದ ಮೇಲೆ ಕೆಂಪಾಗಿ ಉರಿಯುತ್ತದೆ. ವೈದ್ಯರು ಇದನ್ನು ರೇನೋ ಎನ್ನುತ್ತಾರೆ. ಇದು ಇದ್ದವರಿಗೆಲ್ಲ ಸ್ಕ್ಲೆರೋಡರ್ಮ ಬರುವುದಿಲ್ಲ. ಸ್ಕ್ಲೆರೋಡರ್ಮ ಬಂದವರಲ್ಲಿ ಮಾತ್ರ ಬಹುತೇಕ ಎಲ್ಲರಿಗೂ ಇದು ಇರುತ್ತದೆ. ಬರಬರುತ್ತ ಬೆರಳ ಚರ್ಮ ಬಿಗಿಯುತ್ತದೆ, ಮುಷ್ಟಿ ಕಟ್ಟಲಾಗದು, ಬಾಯಿ ಅಗಲಿಸಿ ತುತ್ತಿಡುವುದು ಕಷ್ಟವಾಗುತ್ತದೆ. ಗಂಡಸರಿಗಿಂತ ಹೆಂಗಸರಿಗೆ ಈ ಕಾಯಿಲೆ ಹಲವು ಪಟ್ಟು ಹೆಚ್ಚು.

ಹೊರಗಿನ ಚರ್ಮ ಎಲ್ಲರಿಗೂ ಕಾಣುತ್ತದೆ, ಒಳಗಿನದು ಯಾರಿಗೂ ಕಾಣುವುದಿಲ್ಲ. ಹತ್ತು ರೋಗಿಗಳಲ್ಲಿ ಒಂಬತ್ತು ಮಂದಿಗೆ ಜೀರ್ಣನಾಳದ ಯಾವುದಾದರೊಂದು ಭಾಗ ಕೆಟ್ಟಿರುತ್ತದೆ. ಅನ್ನನಾಳ ಕೆಟ್ಟರೆ ಎದೆಯುರಿ, ಹುಳಿತೇಗು. ಸಣ್ಣಕರುಳು ಸೋತರೆ ಹೊಟ್ಟೆಯುಬ್ಬರ, ಭೇದಿ. ಅನ್ನನಾಳದ ನಂತರ ಹೆಚ್ಚು ಪೆಟ್ಟು ತಿನ್ನುವ ಜಾಗಗಳಲ್ಲಿ ಗುದವೂ ಒಂದು. ಎದೆಯುರಿಗೆ ಎಲ್ಲರೂ ಮಾತ್ರೆ ಕೇಳಿ ಪಡೆಯುತ್ತಾರೆ, ಇದರ ಮಾತನ್ನು ಮಾತ್ರ ನುಂಗಿಕೊಳ್ಳುತ್ತಾರೆ.

ಜಿಲ್ಲೆಯ ಮಟ್ಟಿಗೆ ಇಲ್ಲೊಂದು ಅಡ್ಡ ಮಾತು ಹೇಳಲೇಬೇಕು. ಕಲ್ಲಿನ ದೂಳಿಗೂ ಸ್ಕ್ಲೆರೋಡರ್ಮಕ್ಕೂ ನಂಟಿದೆ. 1914ರಲ್ಲಿ ಎಡಿನ್‌ಬರೋದ ವೈದ್ಯ ಬೈರಮ್ ಬ್ರಾಮ್‌ವೆಲ್ ಕಲ್ಲುಕುಟಿಗರಲ್ಲಿ ಈ ಕಾಯಿಲೆಯನ್ನು ಗುರುತಿಸಿದ. 1957ರಲ್ಲಿ ಎರಾಸ್ಮಸ್ ಎಂಬ ವೈದ್ಯ ದಕ್ಷಿಣ ಆಫ್ರಿಕಾದ ಚಿನ್ನದ ಗಣಿ ಕೆಲಸಗಾರರಲ್ಲಿ ಅದನ್ನೇ ಕಂಡ. ಸಿಲಿಕಾ ದೂಳು ಕುಡಿದವರಿಗೆ ಬರುವ ಸ್ಕ್ಲೆರೋಡರ್ಮಕ್ಕೆ ಇಂದಿಗೂ ಅವನ ಹೆಸರೇ ಇದೆ. ಚಾಮರಾಜನಗರದ ಕರಿಕಲ್ಲು ಹೊರದೇಶಗಳಿಗೂ ಹೋಗುವ ಸರಕು. ಆ ಕಲ್ಲಿನಲ್ಲಿ ಸಿಲಿಕಾ ಹರಳು ಕಡಿಮೆ. ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ತೆಗೆಯುವ ಬಿಳಿಕಲ್ಲಿನಲ್ಲಿ, ಅದನ್ನು ಪುಡಿಮಾಡುವ ಕ್ರಷರ್‌ಗಳ ದೂಳಿನಲ್ಲಿ ಅದು ಹೆಚ್ಚು. 2022ರ ಮಾರ್ಚ್‌ನಲ್ಲಿ ಮಡಹಳ್ಳಿ ಗುಡ್ಡ ಕುಸಿದು ಕೂಲಿಯವರು ಸತ್ತಾಗ ಗಣಿಗಳ ಸುದ್ದಿ ರಾಜ್ಯವೆಲ್ಲ ಹರಡಿತು. ದೂಳು ಹಾಗೆ ಸದ್ದು ಮಾಡುವುದಿಲ್ಲ. ಗಣಿಯಲ್ಲಿ ದುಡಿದ ಗಂಡಸಿಗೆ ಬೆರಳು ಬಿಳಿಚಿ ಚರ್ಮ ಬಿಗಿದರೆ, ಮಾಡಿದ ಕೆಲಸ ಯಾವುದೆಂದು ವೈದ್ಯರಿಗೆ ಮೊದಲೇ ಹೇಳಬೇಕು.

ಹಿಡಿತ ಹೇಗೆ ಕೆಲಸ ಮಾಡುತ್ತದೆ

ಗುದನಾಳ ಮೂರು ನಾಲ್ಕು ಸೆಂಟಿಮೀಟರ್ ಉದ್ದದ ಸಣ್ಣ ಕೊಳವೆ. ಅದರ ಸುತ್ತ ಒಂದರೊಳಗೊಂದು ಸ್ನಾಯುವಿನ ಎರಡು ಬಳೆಗಳಿವೆ. ಹೊರಗಿನದು ನಮ್ಮ ಮಾತು ಕೇಳುತ್ತದೆ. ಸಂತೆಯಲ್ಲಿ ನಿಂತಾಗ ಹೂಸು ತಡೆಯುವುದು ಇದೇ. ಬಿಗಿಹಿಡಿದರೆ ಅದು ಒಂದೆರಡು ನಿಮಿಷವೂ ತಾಳದೆ ದಣಿಯುತ್ತದೆ. ಒಳಗಿನ ಬಳೆ ಬರೀ ಎರಡು ಮೂರು ಮಿಲಿಮೀಟರ್ ದಪ್ಪ. ಅದು ನಮ್ಮ ಅಪ್ಪಣೆಗೆ ಕಾಯುವುದಿಲ್ಲ, ಮಲಗಿದಾಗಲೂ ಮಾತಾಡುವಾಗಲೂ ತನ್ನಷ್ಟಕ್ಕೆ ಮುಚ್ಚಿಕೊಂಡಿರುತ್ತದೆ. ನಾವು ಸುಮ್ಮನಿದ್ದಾಗ ಗುದ ಮುಚ್ಚಿರುವ ಬಲದಲ್ಲಿ ಸುಮಾರು ಮುಕ್ಕಾಲು ಪಾಲು ಈ ಒಳಬಳೆಯದೇ.

ಇವೆರಡರ ಜೊತೆ ಇನ್ನೊಂದು ಜಾಣ ವ್ಯವಸ್ಥೆಯಿದೆ. ದೊಡ್ಡಕರುಳಿನ ತುದಿಗೆ, ಅಂದರೆ ಮಲಾಶಯಕ್ಕೆ, ಏನಾದರೂ ಬಂದಿಳಿದಾಗ ಒಳಬಳೆ ಒಂದು ಕ್ಷಣ ಸಡಿಲವಾಗಿ ಅದರ ಚೂರನ್ನು ಕೆಳಗೆ ಬಿಡುತ್ತದೆ. ಅಲ್ಲಿನ ಸೂಕ್ಷ್ಮ ಚರ್ಮ ಅದನ್ನು ಮುಟ್ಟಿ ನೋಡಿ, ಬಂದಿರುವುದು ಗಾಳಿಯೋ, ನೀರೋ, ಗಟ್ಟಿಯೋ ಎಂದು ಮೆದುಳಿಗೆ ವರದಿ ಕೊಡುತ್ತದೆ. ಹೂಸು ಬಿಡಬಹುದು ಅಥವಾ ಎದ್ದು ಹೋಗಬೇಕು ಎಂದು ನಾವು ತೀರ್ಮಾನಿಸುವುದು ಈ ವರದಿಯ ಮೇಲೆ.

ಸ್ಕ್ಲೆರೋಡರ್ಮ ಹಾಳುಮಾಡುವುದು ಒಳಬಳೆಯನ್ನು. ಮೊದಲು ಅಲ್ಲಿನ ಸಣ್ಣ ರಕ್ತನಾಳಗಳು, ನರಗಳು ಸೊರಗುತ್ತವೆ. ಆಮೇಲೆ ಸ್ನಾಯುವೇ ಕರಗಿ ಅದರ ಜಾಗದಲ್ಲಿ ನಾರು ತುಂಬಿಕೊಳ್ಳುತ್ತದೆ. ಸ್ಕ್ಯಾನ್ ಮಾಡಿ ನೋಡಿದರೆ ಆ ಬಳೆ ತೆಳ್ಳಗಾಗಿರುತ್ತದೆ, ಹೊರಬಳೆ ಸಾಮಾನ್ಯವಾಗಿ ಗಟ್ಟಿಯಾಗಿಯೇ ಉಳಿದಿರುತ್ತದೆ. ಫಲ ಏನೆಂದರೆ, ವಾಷರ್ ಸವೆದ ನಲ್ಲಿಯಂತೆ ಸುಮ್ಮನಿದ್ದಾಗಲೇ ತೊಟ್ಟಿಕ್ಕುತ್ತದೆ. ಗಾಳಿ ಯಾವುದು, ನೀರು ಯಾವುದು ಎಂಬ ವರದಿಯೂ ತಪ್ಪುತ್ತದೆ. ಹೂಸು ಅಂದುಕೊಂಡು ಬಿಟ್ಟದ್ದು ಬಟ್ಟೆ ಕೆಡಿಸುತ್ತದೆ. ಮಲಾಶಯದ ಗೋಡೆಯೂ ಬಿಗಿದು ಹಿಗ್ಗುವ ಗುಣ ಕಳೆದುಕೊಂಡಿದ್ದರೆ ಸ್ವಲ್ಪ ತುಂಬಿದರೂ ತಡೆಯಲಾಗದ ಅವಸರ. ಕೆಲವರಲ್ಲಿ ಮಲಾಶಯವೇ ಜಾರಿ ಹೊರಬರುವುದೂ ಉಂಟು.

ಬೇರೆ ಕಾಯಿಲೆಗಳ ದಾರಿ ಬೇರೆ. ಕೀಲುಗಳು ಅತಿಯಾಗಿ ಬಾಗುವ, ಚರ್ಮ ಎಳೆದಂತೆ ಬರುವ ಏಲರ್ಸ್–ಡಾನ್ಲೋಸ್ ಹುಟ್ಟಿನಿಂದ ಬರುವ ದೋಷ. ಅದರಲ್ಲಿ ಅಂಗಾಂಶ ಸಡಿಲ, ಹಾಗಾಗಿ ಕಿಬ್ಬೊಟ್ಟೆಯ ತಳದ ಆಸರೆಯೇ ಜಗ್ಗುತ್ತದೆ. ಕೀಲುವಾತದವರಲ್ಲಿ ಗುದ ಚೆನ್ನಾಗಿಯೇ ಇರಬಹುದು, ಮಂಡಿ ಬಗ್ಗದೆ ಕಕ್ಕಸಿಗೆ ಹೊತ್ತಿಗೆ ಸರಿಯಾಗಿ ತಲುಪಲಾಗದೆ ಅದೇ ಅವಸ್ಥೆಯಾಗುತ್ತದೆ. ಇವೆಲ್ಲದರ ಮೇಲೆ, ಹೆರಿಗೆಯಲ್ಲಿ ಸ್ನಾಯು ಹರಿದಿದ್ದರೆ ಅಥವಾ ಸಕ್ಕರೆ ಕಾಯಿಲೆ ನರ ಕೆಡಿಸಿದ್ದರೆ ಹೊರೆ ಇಮ್ಮಡಿ.

ವೈದ್ಯರಿಗೆ ಹೇಳಬೇಕಾದ ಒಂದು ವಾಕ್ಯ

ಇಡೀ ಲೇಖನದಲ್ಲಿ ಒಂದೇ ಸಂಗತಿ ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ. ‘ಕುಂತಿದ್ದಂಗೇ ಆಗೋಯ್ತದ, ಗೊತ್ತೇ ಆಗಲ್ಲ’ ಎನ್ನುವವರದು ಒಂದು ತೊಂದರೆ. ‘ಬತ್ತದ ಅಂತ ಗೊತ್ತಾಯ್ತದ, ಓಡೋಷ್ಟರಲ್ಲಿ ತಡೆಯಕ್ಕಾಗಲ್ಲ’ ಎನ್ನುವವರದು ಇನ್ನೊಂದು. ಮೊದಲನೆಯದು ಒಳಬಳೆಯ ಕಡೆ ಬೆರಳು ತೋರಿಸುತ್ತದೆ. ಎರಡನೆಯದು ಹೊರಬಳೆಯ ಕಡೆಗೋ, ಬಿಗಿದ ಮಲಾಶಯದ ಕಡೆಗೋ, ಭೇದಿಯ ಕಡೆಗೋ ತೋರಿಸುತ್ತದೆ. ಈ ಎರಡರಲ್ಲಿ ನಿಮ್ಮದು ಯಾವುದೆಂದು ಹೇಳಿದರೆ ವೈದ್ಯರ ಅರ್ಧ ಕೆಲಸ ಮುಗಿಯಿತು. ಬರೀ ‘ಲೂಸ್ ಮೋಷನ್’ ಎಂದರೆ ಭೇದಿ ನಿಲ್ಲಿಸುವ ಮಾತ್ರೆ ಬರೆದುಕೊಟ್ಟು ಕಳಿಸುತ್ತಾರೆ. ತಪ್ಪು ಅವರದಲ್ಲ, ಅವರಿಗೆ ಕೇಳಿಸಿದ್ದು ಅಷ್ಟೇ.

ಆ ಮಾತ್ರೆಯಿಂದ ಕೇಡೂ ಆಗಬಹುದು. ಕರುಳಿನ ಚಲನೆ ನಿಧಾನವಾದವರಲ್ಲಿ ಮಲ ಗಟ್ಟಿಯಾಗಿ ಮಲಾಶಯದಲ್ಲಿ ಕಟ್ಟಿಕೊಳ್ಳುತ್ತದೆ, ಅದರ ಪಕ್ಕದಿಂದ ನೀರು ಮಾತ್ರ ಸೋರುತ್ತದೆ. ನೋಡುವವರಿಗೆ ಅದು ಭೇದಿ. ಇದಕ್ಕೆ ಭೇದಿಯ ಮಾತ್ರೆ ಕೊಟ್ಟರೆ ಒಳಗಿನ ಗಂಟು ಇನ್ನೂ ಬಿಗಿಯುತ್ತದೆ. ಕೈಗವಸು ಹಾಕಿ ಬೆರಳಿನಿಂದ ಪರೀಕ್ಷಿಸಿದರೆ ಎರಡು ನಿಮಿಷದಲ್ಲಿ ಗೊತ್ತಾಗುವ ಸಂಗತಿ ಇದು. ವೈದ್ಯರು ಹಾಗೆ ಪರೀಕ್ಷಿಸಬೇಕೆಂದಾಗ ಬೇಡವೆನ್ನಬೇಡಿ. ಹೆಂಗಸರು ಲೇಡಿ ಡಾಕ್ಟರನ್ನು ಕೇಳಬಹುದು, ಜೊತೆಗೆ ನರ್ಸ್ ಇರಲಿ ಎನ್ನಬಹುದು.

ಭೇದಿ ನಿಜವಾಗಿಯೂ ಇದ್ದರೆ ಅದರ ಮೂಲ ಹುಡುಕಬೇಕು. ಸ್ಕ್ಲೆರೋಡರ್ಮದಲ್ಲಿ ಸಣ್ಣಕರುಳು ಸೋತು ಅನ್ನ ಅಲ್ಲೇ ನಿಲ್ಲುವುದರಿಂದ ಇರಬಾರದಷ್ಟು ಬ್ಯಾಕ್ಟೀರಿಯಾ ಬೆಳೆಯುತ್ತವೆ. ಊಟವಾದ ಮೇಲೆ ಹೊಟ್ಟೆ ತಮಟೆಯಾಗುವುದು, ವಾಸನೆಯ ಜಿಡ್ಡುಜಿಡ್ಡು ಮಲ, ತೂಕ ಇಳಿಯುವುದು ಇದರ ಗುರುತು. ಇದಕ್ಕೆ ಆಂಟಿಬಯೋಟಿಕ್ ಕೊಡುತ್ತಾರೆ, ಮರುಕಳಿಸಿದರೆ ಬದಲಿಸಿ ಬದಲಿಸಿ ಕೊಡುತ್ತಾರೆ. ಇನ್ನೊಂದು ಮೂಲ ಔಷಧಿಯೇ. ಶ್ವಾಸಕೋಶ ಉಳಿಸಲು ಕೊಡುವ ಮೈಕೋಫಿನೊಲೇಟ್, ಸಕ್ಕರೆಗೆ ಕೊಡುವ ಮೆಟ್‌ಫಾರ್ಮಿನ್, ಮೆಗ್ನೀಸಿಯಂ ಇರುವ ಎದೆಯುರಿಯ ಸಿರಪ್, ಇವೆಲ್ಲ ಮಲವನ್ನು ತೆಳುಮಾಡುತ್ತವೆ. ನೀವಾಗಿ ನಿಲ್ಲಿಸಬೇಡಿ. ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ. ಪ್ರಮಾಣ ಇಳಿಸಲೂ ಬದಲಿ ಕೊಡಲೂ ದಾರಿಯಿದೆ.

ಮಲ ಎಷ್ಟು ಗಟ್ಟಿ ಎಂಬುದನ್ನು ಹೇಳಲು ವೈದ್ಯರ ಬಳಿ ಒಂದು ಚಿತ್ರಪಟ್ಟಿಯಿದೆ. 1997ರಲ್ಲಿ ಬ್ರಿಸ್ಟಲ್ ನಗರದ ಸಂಶೋಧಕರು ಪ್ರಕಟಿಸಿದ್ದು, ಆಡಿನ ಹಿಕ್ಕೆಯಂಥದ್ದು ಒಂದನೆಯದು, ಬರೀ ನೀರು ಏಳನೆಯದು. ಮೂರು ನಾಲ್ಕು ಇದ್ದರೆ ಒಳ್ಳೆಯದು. ಆ ಪಟ್ಟಿ ಸಿಗದಿದ್ದರೆ ನಿಮ್ಮ ಮಾತಿನಲ್ಲೇ ಬರೆದಿಡಿ: ಹಿಕ್ಕೆ, ಬಾಳೆಹಣ್ಣು, ಅಂಬಲಿ, ನೀರು. ವಾರದ ಲೆಕ್ಕ ಸಾಕು, ಹಗಲೋ ರಾತ್ರಿಯೋ, ಊಟವಾಗಿ ಎಷ್ಟು ಹೊತ್ತಿಗೆ, ಬಟ್ಟೆ ಕಲೆಯಾಯಿತೋ ಪೂರ್ತಿ ಹೋಯಿತೋ ಎಂದು.

ಎಲ್ಲಿಗೆ ಹೋಗುವುದು, ಏನು ಮಾಡುತ್ತಾರೆ

ಮೊದಲ ಹೆಜ್ಜೆ ಗುಂಡ್ಲುಪೇಟೆಯ ತಾಲ್ಲೂಕು ಆಸ್ಪತ್ರೆಯಲ್ಲೇ ಆಗಬಹುದು. ಬೆರಳಿನ ಪರೀಕ್ಷೆ, ರಕ್ತ, ಸಕ್ಕರೆ, ಥೈರಾಯ್ಡ್, ಮಲ ಪರೀಕ್ಷೆಗೆ ದೂರ ಹೋಗುವ ಅಗತ್ಯವಿಲ್ಲ. ಮುಂದೆ ಚಾಮರಾಜನಗರದ ವೈದ್ಯಕೀಯ ವಿಜ್ಞಾನ ಸಂಸ್ಥೆ, ಅಂದರೆ ಸಿಮ್ಸ್. ಅದರಾಚೆ ಮೈಸೂರಿನ ಕೆ.ಆರ್. ಆಸ್ಪತ್ರೆ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿ ತನಕದ ನೆರವಿದೆ. ದೊಡ್ಡ ಆಸ್ಪತ್ರೆಗೆ ಹೋಗುವ ಮುನ್ನ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ಬರೆಸಿಕೊಳ್ಳುವುದು ಲೇಸು.

ದೊಡ್ಡ ಊರಿನ ಜಠರಕರುಳು ವಿಭಾಗಗಳಲ್ಲಿ ಎರಡು ವಿಶೇಷ ಪರೀಕ್ಷೆಗಳಿವೆ. ಮ್ಯಾನೋಮೆಟ್ರಿಯಲ್ಲಿ ತೆಳು ನಳಿಕೆಯೊಂದನ್ನು ಒಳಗಿಟ್ಟು ಸುಮ್ಮನಿದ್ದಾಗಿನ ಒತ್ತಡ, ಬಿಗಿಹಿಡಿದಾಗಿನ ಒತ್ತಡ ಬೇರೆಬೇರೆಯಾಗಿ ಅಳೆಯುತ್ತಾರೆ. ಮೊದಲನೆಯದು ಕಡಿಮೆ, ಎರಡನೆಯದು ಸರಿಯಾಗಿದೆ ಎಂದರೆ ಒಳಬಳೆ ಸೋತಿದೆ ಎಂದರ್ಥ. ಗುದದೊಳಗಿನ ಅಲ್ಟ್ರಾಸೌಂಡ್ ಸ್ನಾಯು ಹರಿದಿದೆಯೋ ತೆಳುವಾಗಿದೆಯೋ ತೋರಿಸುತ್ತದೆ. ಎರಡೂ ನೋವಿನ ಪರೀಕ್ಷೆಗಳಲ್ಲ, ಮುಜುಗರ ಇದ್ದೇ ಇರುತ್ತದೆ. ಹರಿದಿದ್ದರೆ ಹೊಲಿಯಬಹುದು. ಸ್ಕ್ಲೆರೋಡರ್ಮದಲ್ಲಿ ತೆಳುವಾದದ್ದನ್ನು ಹೊಲಿಯಲು ಏನೂ ಇರುವುದಿಲ್ಲ. ಆಪರೇಷನ್ ಎಂದರೆ ಎಲ್ಲ ಸರಿಹೋಗುತ್ತದೆ ಎಂದು ನಂಬಿ ದುಡ್ಡು ಹೊಂದಿಸಲು ಹೊರಡುವ ಮುನ್ನ ಈ ವ್ಯತ್ಯಾಸ ಕೇಳಿ ತಿಳಿಯಿರಿ.

ಸೋತ ಒಳಬಳೆಯನ್ನು ಮತ್ತೆ ಬೆಳೆಸುವ ಔಷಧಿಯಿಲ್ಲ. ಆದ್ದರಿಂದ ಚಿಕಿತ್ಸೆಯೆಲ್ಲ ಎರಡು ಕಡೆಯಿಂದ ನಡೆಯುತ್ತದೆ: ಬರುವ ಮಲವನ್ನು ಹದಕ್ಕೆ ತರುವುದು, ಉಳಿದಿರುವ ಹೊರಬಳೆಯನ್ನು ಬಲಪಡಿಸುವುದು. ಇಷ್ಟರಿಂದಲೇ ಬಹಳ ಮಂದಿಯ ಬದುಕು ಸುಧಾರಿಸುತ್ತದೆ. ಗಟ್ಟಿ ಮಲ ಸುಲಭವಾಗಿ ಜಾರದು, ನೀರು ಜಾರುತ್ತದೆ, ವಿಷಯ ಇಷ್ಟು ಸರಳ.

ಒಳಗೆ ಮಲ ಕಟ್ಟಿಕೊಂಡಿಲ್ಲ ಎಂದು ಖಾತ್ರಿಯಾದ ಮೇಲೆ ಲೋಪೆರಮೈಡ್ ಮಾತ್ರೆ ಒಳ್ಳೆಯ ಸಾಧನ. ಅದು ಕರುಳನ್ನು ನಿಧಾನಗೊಳಿಸುತ್ತದೆ, ಒಳಬಳೆಯ ಬಿಗಿಯನ್ನೂ ತುಸು ಹೆಚ್ಚಿಸುತ್ತದೆ. ವೈದ್ಯರು ಒಪ್ಪಿದರೆ ಬಸ್ಸು ಹತ್ತುವ ಅರ್ಧ ಮುಕ್ಕಾಲು ಗಂಟೆ ಮುಂಚೆ ತೆಗೆದುಕೊಂಡು ನಿಶ್ಚಿಂತೆಯಿಂದ ಹೋಗಿಬರುವವರಿದ್ದಾರೆ. ಜ್ವರವಿದ್ದರೆ, ಮಲದಲ್ಲಿ ರಕ್ತವಿದ್ದರೆ, ಹೊಟ್ಟೆ ಉಬ್ಬಿ ಗಾಳಿಯೂ ಹೋಗದಿದ್ದರೆ ಮುಟ್ಟಲೇಬಾರದು. ಎಲ್ಲರೂ ಹೇಳುವ ಇಸಬ್‌ಗೋಲ್ ಬಗ್ಗೆಯೂ ಎಚ್ಚರ ಬೇಕು. ಬೇರೆಯವರಿಗೆ ಅದು ಮಲವನ್ನು ಕಟ್ಟಿ ಹದಮಾಡುತ್ತದೆ. ಕರುಳು ಸೋತ ಸ್ಕ್ಲೆರೋಡರ್ಮ ರೋಗಿಗೆ ಉಬ್ಬರವನ್ನೇ ಹೆಚ್ಚಿಸಬಹುದು. ಅರ್ಧ ಚಮಚದಿಂದ ಶುರುಮಾಡಿ, ಹೊಟ್ಟೆ ಉಬ್ಬಿದರೆ ಬಿಟ್ಟುಬಿಡಿ.

ವ್ಯಾಯಾಮ ಹೀಗೆ. ಹೂಸು ತಡೆಯುವಂತೆ ಗುದವನ್ನು ಮೇಲಕ್ಕೆಳೆದು ಬಿಗಿಹಿಡಿಯಿರಿ, ಐದು ಎಣಿಸಿ, ಬಿಡಿ, ಹತ್ತು ಎಣಿಸುವಷ್ಟು ವಿಶ್ರಾಂತಿ. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಉಸಿರು ಕಟ್ಟಬಾರದು, ತೊಡೆ ಬಿಗಿಯಬಾರದು. ಎರಡು ಮೂರು ತಿಂಗಳಾದರೂ ಬೇಕು. ಬಹುಪಾಲು ಜನ ಮೂರನೇ ವಾರಕ್ಕೇ ಬಿಟ್ಟು ‘ಪ್ರಯೋಜನವಿಲ್ಲ’ ಅನ್ನುತ್ತಾರೆ. ಸರಿಯಾದ ಸ್ನಾಯುವನ್ನೇ ಬಿಗಿಯುತ್ತಿದ್ದೇವೆಯೇ ಎಂದು ಪರದೆಯ ಮೇಲೆ ತೋರಿಸಿ ಕಲಿಸುವ ಬಯೋಫೀಡ್‌ಬ್ಯಾಕ್ ದೊಡ್ಡ ಆಸ್ಪತ್ರೆಗಳಲ್ಲಿದೆ. ಬೆನ್ನಿನ ಕೆಳಗಿನ ನರಕ್ಕೆ ವಿದ್ಯುತ್ ಮಿಡಿತ ಕೊಡುವ ಯಂತ್ರವನ್ನೂ ಅಳವಡಿಸುತ್ತಾರೆ, ಅದು ದುಬಾರಿ, ಸ್ಕ್ಲೆರೋಡರ್ಮದಲ್ಲಿ ಅದರ ಫಲ ಒಬ್ಬರಿಂದೊಬ್ಬರಿಗೆ ಬೇರೆ. ಯಾವುದಕ್ಕೂ ಬಗ್ಗದಿದ್ದಾಗ ಹೊಟ್ಟೆಯ ಮೇಲೆ ಚೀಲ ಇಡುವ ಕೊಲೊಸ್ಟಮಿ ಕೊನೆಯ ದಾರಿ. ಕೇಳಲು ಭಯವಾದರೂ, ಮನೆಯಿಂದಾಚೆ ಬರಲಾಗದಿದ್ದವರಿಗೆ ಅದು ಬಿಡುಗಡೆಯಾದದ್ದೂ ಇದೆ.

ಮನೆ, ಹೊಲ, ಬಟ್ಟೆ

ಊಟವಾದ ಇಪ್ಪತ್ತು ಮೂವತ್ತು ನಿಮಿಷಕ್ಕೆ ದೊಡ್ಡಕರುಳು ತಾನಾಗಿ ಚಲಿಸುತ್ತದೆ. ಬೆಳಗಿನ ತಿಂಡಿಯ ನಂತರ, ಅವಸರ ಇರಲಿ ಬಿಡಲಿ, ಹತ್ತು ನಿಮಿಷ ಕೂತು ಬರುವುದನ್ನು ರೂಢಿಸಿಕೊಂಡರೆ ಮಲಾಶಯ ಖಾಲಿಯಾಗಿ ಹೊಲಕ್ಕೆ ಹೋಗಬಹುದು. ಈರುಳ್ಳಿ ಕೀಳುವ, ಚೆಂಡುಹೂ ಬಿಡಿಸುವ, ಅರಿಶಿನ ಅಗೆಯುವ ಕೂಲಿಯಲ್ಲಿ ಹತ್ತಿರದಲ್ಲಿ ಕಕ್ಕಸು ಇರುವುದಿಲ್ಲ, ಬಗ್ಗಿ ಏಳುವಾಗ ಹೊಟ್ಟೆಯ ಮೇಲೆ ಒತ್ತಡ ಬಿದ್ದು ಸೋರುವುದೂ ಹೆಚ್ಚು. ಬಗ್ಗುವ ಮುನ್ನ, ಮೂಟೆ ಎತ್ತುವ ಮುನ್ನ, ಕೆಮ್ಮುವ ಮುನ್ನ ಹೊರಬಳೆಯನ್ನು ಬಿಗಿಹಿಡಿಯುವ ಅಭ್ಯಾಸ ಕಲಿಯಬಹುದು.

ತಿನ್ನುವುದರಲ್ಲಿ ಎಲ್ಲರಿಗೂ ಒಂದೇ ಪಟ್ಟಿ ಕೊಡುವವರನ್ನು ನಾನು ನಂಬುವುದಿಲ್ಲ. ಹಾಲು, ಹುರುಳಿ, ಅವರೆಕಾಳು, ಹಲಸು, ಹೆಚ್ಚು ಕಾಫಿ–ಟೀ, ಹೆಚ್ಚು ಖಾರ ಇವುಗಳ ಮೇಲೆ ಅನುಮಾನವಿರಲಿ. ಒಂದೊಂದನ್ನೇ ಒಂದು ವಾರ ಬಿಟ್ಟು ನೋಡಿ, ವ್ಯತ್ಯಾಸವಿಲ್ಲದಿದ್ದರೆ ಮತ್ತೆ ತಿನ್ನಿ. ಈ ಕಾಯಿಲೆಯಲ್ಲಿ ತೂಕ ಇಳಿಯುವುದೇ ದೊಡ್ಡ ಅಪಾಯ, ಮಲಕ್ಕೆ ಹೆದರಿ ಉಪವಾಸ ಇರುವುದು ತಪ್ಪು. ರಾಗಿಮುದ್ದೆ ಒಗ್ಗಿದರೆ ಉಣ್ಣಿ, ಉಬ್ಬರವಾದರೆ ಪ್ರಮಾಣ ಇಳಿಸಿ. ಹೊಗೆಸೊಪ್ಪು, ಬೀಡಿ ಮಾತ್ರ ಬಿಡಲೇಬೇಕು. ಅವು ಬೆರಳಿನ ರಕ್ತನಾಳವನ್ನು ಇನ್ನೂ ಮುಚ್ಚಿಸುತ್ತವೆ.

ಬೆರಳು ಮಡಚದವರಿಗೆ ಲಾಡಿಯ ಗಂಟು ಬಿಚ್ಚುವಷ್ಟರಲ್ಲೇ ಅನಾಹುತವಾಗುತ್ತದೆ. ಲಂಗ, ಚೂಡಿದಾರ್, ಪೈಜಾಮಕ್ಕೆ ಲಾಡಿ ತೆಗೆದು ಎಲಾಸ್ಟಿಕ್ ಹಾಕಿಸಿ. ಕುಕ್ಕರಗಾಲಲ್ಲಿ ಕೂರಲಾಗದಿದ್ದರೆ ಕಮೋಡ್ ಕುರ್ಚಿ ಇಡಿ. ಬೆರಳತುದಿಯಲ್ಲಿ ಹುಣ್ಣಿದ್ದರೆ ಕೈಯಿಂದ ತೊಳೆಯುವಾಗ ಮಲ ತಾಗಿ ಕೀವಾಗಬಹುದು. ಪೈಪಿನ ಜೆಟ್ ಅಥವಾ ಕೈಗವಸು ಬಳಸಿ, ಬೆಚ್ಚಗಿನ ನೀರಾದರೆ ರೇನೋಗೂ ಹಿತ. ಗುದದ ಸುತ್ತ ಸೋಪು, ಡೆಟಾಲ್ ಹಾಕಿ ಉಜ್ಜಬೇಡಿ. ಬರೀ ನೀರಿನಲ್ಲಿ ತೊಳೆದು, ಒತ್ತಿ ಒರೆಸಿ, ವ್ಯಾಸ್‌ಲಿನ್ ಅಥವಾ ಜಿಂಕ್ ಆಕ್ಸೈಡ್ ಮುಲಾಮು ತೆಳುವಾಗಿ ಸವರಿ. ಸಣ್ಣ ಸೋರಿಕೆಗೆ ಮುಟ್ಟಿನ ಪ್ಯಾಡ್ ಸಾಕು, ಗಂಡಸರೂ ಬಳಸಬಹುದು. ಹಳೆ ಹತ್ತಿಸೀರೆಯ ತುಂಡುಗಳೂ ಆಗುತ್ತವೆ, ಒಗೆದು ಬಿಸಿಲಿಗೆ ಒಣಗಿಸಿರಬೇಕು ಅಷ್ಟೇ.

ಕೆಲವಕ್ಕೆ ಕಾಯುವಂತಿಲ್ಲ. ಹೊಟ್ಟೆ ಉಬ್ಬಿ ವಾಂತಿಯಾಗಿ ಮಲವೂ ಗಾಳಿಯೂ ನಿಂತರೆ, ಮಲ ಕಪ್ಪಗೆ ಅಥವಾ ರಕ್ತವಾಗಿ ಹೋದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಸೊಂಟನೋವಿನ ಜೊತೆ ಕಾಲು ಸೋತು, ಕೂರುವ ಜಾಗ ಜೋಮು ಹಿಡಿದು, ಮೂತ್ರ ಕಟ್ಟಿ, ಮಲದ ಹಿಡಿತ ಒಮ್ಮೆಲೇ ತಪ್ಪಿದರೆ ಅದು ಬೆನ್ನುಹುರಿಯ ನರಗಳ ತುರ್ತು. 108ಕ್ಕೆ ಕರೆ ಮಾಡಿ.

ಸ್ಕ್ಲೆರೋಡರ್ಮ ರೋಗಿಗಳಿಗೆಂದೇ 2009ರಲ್ಲಿ ಅಮೆರಿಕದ ವೈದ್ಯರು ಸಿದ್ಧಪಡಿಸಿದ ಹೊಟ್ಟೆಕರುಳಿನ ಪ್ರಶ್ನಾವಳಿಯಲ್ಲಿ ಬಟ್ಟೆ ಕಲೆಯಾಗುವುದನ್ನು ಎದೆಯುರಿ, ಉಬ್ಬರಗಳ ಸಾಲಿನಲ್ಲೇ ಸೇರಿಸಿದ್ದಾರೆ. ಅಂದರೆ ವೈದ್ಯಶಾಸ್ತ್ರ ಇದನ್ನು ಕೇಳಬೇಕಾದ ಪ್ರಶ್ನೆ ಎಂದು ಒಪ್ಪಿ ವರ್ಷಗಳೇ ಆದವು. ನಮ್ಮ ಓಪಿಡಿಯಲ್ಲಿ ಒಬ್ಬರಿಗೆ ಸಿಗುವ ನಾಲ್ಕೈದು ನಿಮಿಷದಲ್ಲಿ ಆ ಪ್ರಶ್ನೆ ಬಾರದೆ ಹೋಗಬಹುದು. ಮನೆಮನೆಗೆ ಬರುವ ಆಶಾ ಕಾರ್ಯಕರ್ತೆಯರು ಬೆರಳು ಬಿಗಿದ ಹೆಂಗಸನ್ನು ಕಂಡಾಗ ‘ಅಕ್ಕ, ಹೊರಕಡೆ ಹೋಗೋದು ಹಿಡಿತದಲ್ಲಿದೆಯಾ?’ ಎಂದು ಒಂದು ಮಾತು ಕೇಳಲಿ. ಯಾರೂ ಕೇಳದಿದ್ದರೆ ನೀವೇ ಹೇಳಿ. ಬಾಯಿ ಬಾರದಿದ್ದರೆ ‘ಗೊತ್ತಾಗದೆ ಆಗುತ್ತದೆ’ ಅಥವಾ ‘ಗೊತ್ತಾದರೂ ತಡೆಯಲಾಗುವುದಿಲ್ಲ’, ಎರಡರಲ್ಲಿ ನಿಮ್ಮದನ್ನು ಚೀಟಿಯಲ್ಲಿ ಬರೆದು ವೈದ್ಯರ ಮೇಜಿನ ಮೇಲಿಡಿ.